ಬಿಸಿಯಾಗದ ಹೀಟರಿನ ಪರ ವಕಾಲತ್ತು

ಕಾರಿನ ಹೀಟರು ತಣ್ಣನೆಯ ಗಾಳಿ ಊದತೊಡಗಿದರೆ ಬೈಗುಳ ಬೀಳುವುದು ಹೀಟರಿಗೇ. ಗುಂಡಿಯನ್ನು ನೀಲಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ ತಿರುಗಿಸಿ, ಬ್ಲೋವರನ್ನು ಕೊನೆಯ ಅಂಕಿಗೆ ಏರಿಸಿ, ಡ್ಯಾಶ್‌ಬೋರ್ಡಿಗೆ ಎರಡೇಟು ಹಾಕುವಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆರೋಪಿ ಬಹುತೇಕ ನಿರಪರಾಧಿ ಎಂಬುದು ನನ್ನ ವಾದ. ಪೆಟ್ರೋಲು, ಡೀಸೆಲು ಕಾರುಗಳಲ್ಲಿ ಸಾಮಾನ್ಯವಾಗಿ ಹೀಟರೆಂಬುದು ಶಾಖ ಹುಟ್ಟಿಸುವ ಯಂತ್ರವೇ ಅಲ್ಲ. ಎಂಜಿನ್ನು ಸುಡುವ ಇಂಧನದಲ್ಲಿ ಸಾಮಾನ್ಯವಾಗಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಮಿಕ್ಕ ಬಹುಪಾಲು ಶಾಖವಾಗಿ ಸೈಲೆನ್ಸರಿನಿಂದಲೂ ಕೂಲೆಂಟಿನಿಂದಲೂ ಹೊರಬೀಳುತ್ತದೆ. ಆ ಕಾದ ಕೂಲೆಂಟಿನ ಒಂದು ಕವಲು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನೊಳಗೆ, ಅಂದರೆ ಹೀಟರ್ ಕೋರಿನೊಳಗೆ, ಹಾದು ಹೋಗುತ್ತದೆ. ಬ್ಲೋವರು ಅದರ ಮೇಲೆ ಗಾಳಿ ಬಿಡುತ್ತದೆ, ಅಷ್ಟೇ. ಮಣ್ಣಿನ ಒಲೆಯ ಪಕ್ಕದ ಕೋಡೊಲೆಗೆ ಸ್ವಂತ ಸೌದೆ ಇರುವುದಿಲ್ಲ. ಅದರ ಮೇಲಿಟ್ಟ ನೀರು ಕಾಯದಿದ್ದರೆ ಬಲ್ಲವರು ದೊಡ್ಡ ಒಲೆಯತ್ತ ನೋಡುತ್ತಾರೆ.

ಸಾಕ್ಷಿಗಳನ್ನು ಕರೆಯೋಣ. ಮೊದಲನೆಯದು ಟೆಂಪರೇಚರ್ ಮುಳ್ಳು. ಸುಮಾರು 80ರಿಂದ 90 ಡಿಗ್ರಿಗೆ ತೆರೆಯಬೇಕಾದ ಥರ್ಮೋಸ್ಟಾಟು ತೆರೆದೇ ಸಿಕ್ಕಿಕೊಂಡಿದ್ದರೆ ಕೂಲೆಂಟು ಸದಾ ರೇಡಿಯೇಟರಿಗೆ ಓಡಿ ತಣಿಯುತ್ತದೆ, ಎಷ್ಟು ದೂರ ಹೋದರೂ ಮುಳ್ಳು ಮೇಲೇಳುವುದಿಲ್ಲ. ಎಂಜಿನ್ನಿಗೇ ಇಲ್ಲದ ಬಿಸಿಯನ್ನು ಹೀಟರು ಎಲ್ಲಿಂದ ತಂದೀತು? ಎರಡನೆಯದು ಕೂಲೆಂಟಿನ ಮಟ್ಟ. ಅದು ಇಳಿದರೆ ಕೋರಿನಲ್ಲಿ ಗಾಳಿ ಸೇರಿಕೊಂಡು ಹರಿವು ನಿಲ್ಲುತ್ತದೆ. ಇದನ್ನು ಎಂಜಿನ್ನು ಪೂರ್ತಿ ಆರಿದ ಮೇಲೆಯೇ ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಸಿಗುವ ಬಿಸಿ ನಾವು ಕೇಳಿದ್ದಕ್ಕಿಂತ ಬಹಳ ಹೆಚ್ಚು. ಮೂರನೆಯದು ಕೋರಿಗೆ ಹೋಗಿಬರುವ ಎರಡು ಹೋಸುಗಳು. ಕಾದ ಎಂಜಿನ್ನನ್ನು ನಿಲ್ಲಿಸಿ ಅವನ್ನು ಹುಷಾರಾಗಿ ಮುಟ್ಟಿ ನೋಡಬೇಕು. ಎರಡೂ ತಣ್ಣಗಿದ್ದರೆ ಕೂಲೆಂಟು ಬರುತ್ತಲೇ ಇಲ್ಲ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರು ಕಟ್ಟಿಕೊಂಡಿದೆ. ಎರಡೂ ಬಿಸಿಯಿದ್ದರೆ ಬಿಸಿಗಾಳಿಯ ದಾರಿ ತೆರೆಯುವ ಒಳಬಾಗಿಲು ಅಲುಗುತ್ತಿಲ್ಲ. ಕಾರಿನೊಳಗೆ ಸಿಹಿ ವಾಸನೆ, ಒದ್ದೆ ಮ್ಯಾಟು, ಮಸುಕು ಗಾಜು ಒಟ್ಟಿಗೆ ಕಂಡರೆ ಕೋರೇ ಸೋರುತ್ತಿರಬಹುದು. ಅಲ್ಲಿ ಮಾತ್ರ ನನ್ನ ಕಕ್ಷಿದಾರನ ಪರ ಕ್ಷಮೆ ಕೇಳಲು ನಾನು ಬರಲಾರೆ.

ಮೈನಸ್ 20 ಡಿಗ್ರಿಯಲ್ಲಿ ನಡುಗುತ್ತಿರುವ ಮಿನಿಯಾಪೊಲಿಸ್‌ನ ಕನ್ನಡಿಗರು, 'ಸ್ವಾಮೀ, ನಮಗೆ ತತ್ತ್ವ ಬೇಡ, ಬಿಸಿಗಾಳಿ ಬೇಕು' ಎನ್ನಬಹುದು. ಆದರೆ ಈ ತತ್ತ್ವಕ್ಕೆ ಡಾಲರಿನ ಬೆಲೆಯಿದೆ. ಅನೇಕ ಕಾರುಗಳಲ್ಲಿ ಕೋರು ಬದಲಿಸಲು ಡ್ಯಾಶ್‌ಬೋರ್ಡನ್ನೇ ಕಳಚಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಭಾರ. ತಪ್ಪು ಥರ್ಮೋಸ್ಟಾಟಿನದಾಗಿದ್ದರೆ ಅಷ್ಟೂ ದಂಡ. ಇನ್ನು ಆಫೀಸಿನ ಗೇಟು ಕಂಡಾಗಲೇ ಬೆಚ್ಚಗಾಗುವ ಹೀಟರು ಕೆಟ್ಟಿಲ್ಲ. ಮನೆ ಹತ್ತಿರವಿದೆ, ಎಂಜಿನ್ನಿಗೆ ಕಾಯಲು ಪುರುಸೊತ್ತು ಸಿಕ್ಕಿಲ್ಲ. ಎಲೆಕ್ಟ್ರಿಕ್ ಕಾರಿಗೆ ಈ ವಾದ ನಿಲ್ಲದು ಎಂದರೆ, ಅದೇ ನನ್ನ ದೊಡ್ಡ ಪುರಾವೆ: ವ್ಯರ್ಥ ಶಾಖ ಅಷ್ಟಾಗಿ ಇಲ್ಲದ ಅಲ್ಲಿ ಬ್ಯಾಟರಿಯೇ ಬಿಸಿ ಕೊಡಬೇಕು, ಚಳಿಗಾಲದಲ್ಲಿ ಆ ಕಾರು ಓಡುವ ದೂರ ಕುಗ್ಗಲು ಅದೂ ಒಂದು ಕಾರಣ.

ಬೆಂಗಳೂರಿನವರ ಆಕ್ಷೇಪ ಬೇರೆ: 'ನಮಗೆ ಹೀಟರು ಯಾಕೆ ಬೇಕ್ರೀ?' ಬೇಕು. ಕೂಲೆಂಟಿನ ಬದಲು ಬೋರ್‌ವೆಲ್ಲಿನ ಗಡಸು ನೀರು ಸುರಿಯುವ ಊರಿನಲ್ಲಿ ತುಕ್ಕು, ಸುಣ್ಣ ಸೇರಿ ಕೋರಿನ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ, ತಣ್ಣನೆಯ ಹೀಟರು ಅದರ ಸುಳಿವು ಕೊಡುತ್ತದೆ. ಆಗುಂಬೆ ಘಾಟಿಯಲ್ಲಿ ಮುಳ್ಳು ಕೆಂಪಿನತ್ತ ಹೊರಟರೆ, ಗಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಎಸಿ ಆರಿಸಿ ಹೀಟರನ್ನು ಪೂರ್ತಿ ಹಾಕಬೇಕು. ಎಂಜಿನ್ನಿನ ಒಂದಿಷ್ಟು ಬಿಸಿಯನ್ನು ಅದು ಒಳಗಿನವರಿಗೆ ಹಂಚುತ್ತದೆ. ಬೆವರಿದರೂ ಎಂಜಿನ್ನಿಗೆ ಒಂದಿಷ್ಟು ಉಸಿರು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎಸಿ ಜೊತೆಗೆ ಹೀಟರನ್ನೂ ಹಾಕಿ ನೋಡಬೇಕು. ಮೇ ತಿಂಗಳ ಬಿಸಿಲಲ್ಲಿ ಹಾಕಿದರೆ ಮಾರುವವರು ನಗಬಹುದು. ಎಂಜಿನ್ನು ಕಾದ ಮೇಲೂ ಗಾಳಿ ತಣ್ಣಗೇ ಬಂದರೆ ಚೌಕಾಸಿಯನ್ನು ಅಲ್ಲಿಂದಲೇ ಶುರುಮಾಡಬಹುದು.