ಬಿಸಿಲು ಬಿಟ್ಟಿ, ಪೈಪು ದುಬಾರಿ

ಮನೆಯ ಈಜುಕೊಳ ಬಿಸಿ ಮಾಡುವ ಸೋಲಾರ್ ವ್ಯವಸ್ಥೆಯಲ್ಲಿ ಸೂರ್ಯನದೊಂದೇ ಬಿಟ್ಟಿ ಚಾಕರಿ. ಉಳಿದವರೆಲ್ಲ ಬಿಲ್ಲು ಕೊಡುತ್ತಾರೆ. 8 ಮೀಟರ್ ಉದ್ದ, 4 ಮೀಟರ್ ಅಗಲ, 1.5 ಮೀಟರ್ ಆಳದ ಕೊಳಕ್ಕೆ 48,000 ಲೀಟರ್ ನೀರು ಹಿಡಿಯುತ್ತದೆ. ಅದು ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಲು ಸುಮಾರು 56 ಯೂನಿಟ್ ಶಕ್ತಿ ಬೇಕು. ಈ ಕೆಲಸವನ್ನು ಕಾಯಿಲ್ ಹೀಟರಿಗೆ ವಹಿಸಿದರೆ ನೀರಿಗಿಂತ ಮೊದಲು ಯಜಮಾನನ ತಲೆ ಬಿಸಿಯಾಗುತ್ತದೆ.

ಅಮೆರಿಕದಲ್ಲಿ ಇದಕ್ಕೆಂದು ಚಾವಣಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಫಲಕ ಹಾಸುತ್ತಾರೆ. ಸ್ನಾನದ ನೀರಿನಷ್ಟು ಬಿಸಿ ಬೇಕಿಲ್ಲದ್ದರಿಂದ ಗಾಜಿನ ಮುಚ್ಚಳದ ದರ್ಬಾರು ಬೇಡ. ನೀರು ಸೋಸುವ ಪಂಪೇ ಸಾಮಾನ್ಯವಾಗಿ ಅದನ್ನು ಮೇಲಕ್ಕೂ ಏರಿಸುತ್ತದೆ. ಆದರೆ ಫಲಕಗಳ ವಿಸ್ತೀರ್ಣ ಕೊಳದ ಮೇಲ್ಮೈಯ ಅರ್ಧದಿಂದ ಪೂರ್ತಿಯವರೆಗೆ ಇರಬೇಕು. ಅಂದರೆ ಅಂಗಳದಲ್ಲೊಂದು ಕೊಳ, ಚಾವಣಿಯಲ್ಲಿ ಅದರ ಅವಳಿ! ಅಲ್ಲಿನ ಇಂಧನ ಇಲಾಖೆ ಕೊಟ್ಟ ಅಂದಾಜಿನಲ್ಲಿ ಖರ್ಚು 2,500ರಿಂದ 4,000 ಡಾಲರ್. ಹಾಕಿದ ದುಡ್ಡು ವಾಪಸಾಗಲು 1ರಿಂದ 7 ವರ್ಷ. ಜ್ಯೋತಿಷಿಗಳೂ ಇಷ್ಟು ಉದಾರವಾಗಿ ಅವಧಿ ಹೇಳುವುದಿಲ್ಲ.

ಕೊಳ ಕಳೆದುಕೊಳ್ಳುವ ಶಾಖದಲ್ಲಿ ದೊಡ್ಡ ಪಾಲು ಆವಿಯದು. ಬಳಸದ ಹೊತ್ತಿನಲ್ಲಿ ಹೊದಿಕೆ ಹಾಕಿದರೆ ಬಿಸಿಮಾಡುವ ಖರ್ಚು ಶೇ. 50ರಿಂದ 70ರಷ್ಟು ಇಳಿಯುತ್ತದೆ. ಅಷ್ಟಗಲದ ಹೊದಿಕೆಯನ್ನು ದಿನಾ ಎಳೆದು ಮಡಚುವವರು ಯಾರೆಂಬುದು ಮಾತ್ರ ಯಾವ ಅಂದಾಜುಪಟ್ಟಿಯಲ್ಲೂ ಇರುವುದಿಲ್ಲ.