ಜ್ಞಾಪಕಶಕ್ತಿಗೆ ಹಾರ್ಮೋನಿಯಂ ಮೇಷ್ಟ್ರು

ಭೂಪಟದಲ್ಲಿ ಎಷ್ಟು ಹುಡುಕಿದರೂ ಮಧುಗಿರಿ ಎಂಬ ಜಿಲ್ಲೆ ಸಿಗುವುದಿಲ್ಲ. ಜಿಲ್ಲಾಧಿಕಾರಿಗಳು ತುಮಕೂರಿನಲ್ಲಿದ್ದಾರೆ, ಎಸ್ಪಿ ಸಾಹೇಬರೂ ಅಲ್ಲೇ ಇದ್ದಾರೆ. ನಮ್ಮನ್ನು ಜಿಲ್ಲೆ ಮಾಡಿ ಎಂದು ಕೊಟ್ಟ ಮನವಿಗಳು ಯಾವ ಕಪಾಟಿನಲ್ಲಿವೆಯೋ ಕೊಟ್ಟವರಿಗೂ ಗೊತ್ತಿಲ್ಲ. ನಮ್ಮ ಮಾನ ಕಾಪಾಡಿದ್ದು ಶಿಕ್ಷಣ ಇಲಾಖೆ ಒಂದೇ. ಅದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟು ಹಾಕಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂದು ಬೋರ್ಡು ಬರೆಸಿತು. ಹಾಗಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟೀವಿಯ ಪಟ್ಟಿಯಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ. ಚಿಕ್ಕೋಡಿಗೂ ಶಿರಸಿಗೂ ಇದೇ ಭಾಗ್ಯ. ಉಳಿದ ಜಿಲ್ಲೆಗಳು ನದಿ, ಬೆಟ್ಟ, ಗಡಿಗಳ ಮೇಲೆ ನಿಂತಿದ್ದರೆ ನಮ್ಮದು ಹದಿನೈದು ಹದಿನಾರು ವರ್ಷದ ಹುಡುಗ ಹುಡುಗಿಯರ ನೆನಪಿನ ಮೇಲೆ ನಿಂತಿದೆ. ಅವರು ಮರೆತರೆ ಜಿಲ್ಲೆ ಪಟ್ಟಿಯ ತಳಕ್ಕೆ ಜಾರುತ್ತದೆ.

ಇಷ್ಟು ಭಾರ ಹೊತ್ತ ಮಕ್ಕಳ ಬಾಯಲ್ಲಿ ಜನವರಿ ಕಳೆದ ಮೇಲೆ ಕೇಳಿಬರುವುದು ಒಂದೇ ಮಾತು: “ಓದಿದ್ದು ಒಂದೂ ತಲೇಲಿ ನಿಲ್ಲಲ್ಲ ಸಾ.” ನಮ್ಮ ಸೀಮೆಯಲ್ಲಿ ಅದು ಹುಣಸೆಹಣ್ಣಿನ ಕಾಲವೂ ಹೌದು. ಜಗಲಿಯ ಮೇಲೆ ಹುಣಸೆಹಣ್ಣು ಬಡಿಯುವ ಸದ್ದು, ಒಳಗೆ ಸಮಾಜ ವಿಜ್ಞಾನ ಉರು ಹೊಡೆಯುವ ಸದ್ದು. ಎರಡರಲ್ಲೂ ತಾಳ ಒಂದೇ. ಬಡಿದ ಹುಣಸೆಹಣ್ಣು ಮೂಟೆ ಸೇರುತ್ತದೆ. ಉರು ಹೊಡೆದದ್ದು ಎಲ್ಲಿಗೆ ಹೋಗುತ್ತದೋ ಆ ಸರಸ್ವತಿಗೇ ಗೊತ್ತು.

ಮದ್ದಿಗೇನೂ ಬರವಿಲ್ಲ. ಕೊರಟಗೆರೆಯ ಸಿದ್ಧರಬೆಟ್ಟವೇ ಗಿಡಮೂಲಿಕೆಗಳ ಬೆಟ್ಟ. ಅದರ ತಪ್ಪಲಲ್ಲಿ ಹುಟ್ಟಿದವರಿಗೆ ಒಂದೆಲಗ ಬುದ್ಧಿಗೆ ಒಳ್ಳೆಯದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೂಸಿನ ನಾಲಗೆಗೆ ಜೇನಿನಲ್ಲಿ ಬಜೆ ತೇದು ನೆಕ್ಕಿಸುವಲ್ಲಿಂದಲೇ ಎಸ್ಸೆಸ್ಸೆಲ್ಸಿ ತಯಾರಿ ಶುರು. ಬ್ರಾಹ್ಮಿ ಯಾವುದು ಎಂಬ ವಿಷಯದಲ್ಲಿ ಮಾತ್ರ ಪಂಡಿತರಿಗೂ ಗೊಂದಲ. ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ಕೆರೆಯಂಚಿನ ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎನ್ನುತ್ತಾರೆ. ನೆನಪಿನ ಗಿಡ ಯಾವುದೆಂದೇ ನೆನಪಿಲ್ಲದ ಪರಿಸ್ಥಿತಿ. ನೀರುಬ್ರಾಹ್ಮಿಯ ಮೇಲೆ ನಡೆದ ಕೆಲವು ಪರೀಕ್ಷೆಗಳಲ್ಲಿ, ಹನ್ನೆರಡು ವಾರ ಬಿಡದೆ ಸೇವಿಸಿದವರ ನೆನಪು ಅಷ್ಟಿಷ್ಟು ಸುಧಾರಿಸಿದ್ದುಂಟು. ನಮ್ಮ ಹುಡುಗರು ಗಿಡ ಹುಡುಕಿಕೊಂಡು ಬೆಟ್ಟ ಹತ್ತುವುದು ಪರೀಕ್ಷೆಗೆ ವಾರವಿದ್ದಾಗ. ಉಳಿದ ಹನ್ನೊಂದು ವಾರದ ಹೊಣೆಯನ್ನು ಗೊರವನಹಳ್ಳಿಯ ಮಹಾಲಕ್ಷ್ಮಿಗೋ ಪಾವಗಡದ ಶನಿಮಹಾತ್ಮನಿಗೋ ವಹಿಸಿ, ಹಾಲ್ ಟಿಕೆಟ್ಟನ್ನು ಪಾದದ ಬಳಿ ಇಟ್ಟು ಎತ್ತಿಕೊಂಡು ಬರುತ್ತಾರೆ. ಶನಿದೇವರ ಮುಂದೆ ಜ್ಞಾಪಕಶಕ್ತಿ ಕೇಳುವುದು ಧೈರ್ಯದ ಕೆಲಸವೇ ಸರಿ. ಆತ ಯಾವುದನ್ನೂ ಮರೆಯುವವನಲ್ಲ.

ಇಷ್ಟೆಲ್ಲ ಆದ ಮೇಲೂ ನನ್ನ ತಕರಾರು ಒಂದಿದೆ. ನಮ್ಮ ಕಡೆಯವರಿಗೆ ಜ್ಞಾಪಕಶಕ್ತಿ ಕಡಿಮೆ ಎಂದರೆ ನಾನು ನಂಬಲಾರೆ. ಯಾಕೆಂದರೆ ನಾನು ‘ಕುರುಕ್ಷೇತ್ರ’ ನಾಟಕ ನೋಡಿದವನು.

ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ‘ಕುರುಕ್ಷೇತ್ರ’ ನೋಡದವರು ಯಾರಿದ್ದಾರೆ? ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ ಊರಿನ ಹತ್ತು ಜನಕ್ಕೆ ಹುಚ್ಚು ಹಿಡಿಯುತ್ತದೆ. ಪಾತ್ರ ಮಾಡಲು ದುಡ್ಡು ಕೊಡುವುದಿಲ್ಲ, ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ಕೃಷ್ಣನಾಗಲು ಖರ್ಚು ಹೆಚ್ಚು, ಸೈನಿಕನಾಗಲು ಕಡಿಮೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಊಟ ವಸತಿ ಕೊಟ್ಟು, ಶಾಲೆಯ ಪಡಸಾಲೆಯಲ್ಲೋ ದೇವಸ್ಥಾನದ ಅಂಗಳದಲ್ಲೋ ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡುತ್ತಾರೆ. ಹಗಲೆಲ್ಲ ಕಡ್ಲೇಕಾಯಿ ಗಿಡ ಕಿತ್ತವನು, ಕುರಿ ಕಾಯ್ದವನು, ಟ್ರ್ಯಾಕ್ಟರ್ ಓಡಿಸಿದವನು ರಾತ್ರಿ ಒಂಬತ್ತಕ್ಕೆ ದುರ್ಯೋಧನನಾಗುತ್ತಾನೆ. ನಾಟಕದ ದಿನ ರಾತ್ರಿಯಿಂದ ಬೆಳಗಿನವರೆಗೆ ಪುಟಗಟ್ಟಲೆ ಮಾತು, ಡಜನುಗಟ್ಟಲೆ ಹಾಡು, ನಡುನಡುವೆ ಕಂದಪದ್ಯ. ಒಂದಕ್ಷರ ಆಚೀಚೆ ಆಗದು. ಇವರಲ್ಲಿ ಅನೇಕರು ಅದೇ ಶಾಲೆಯಲ್ಲಿ, ಅದೇ ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಕನ್ನಡ ವಿಷಯದಲ್ಲೇ ಡುಮ್ಕಿ ಹೊಡೆದವರು!

ಹೀಗೇಕೆ ಎಂದು ನೋಡಲು ಒಮ್ಮೆ ಮಧುಗಿರಿ ಕಡೆಯ ಹಳ್ಳಿಯೊಂದರ ಪ್ರಾಕ್ಟೀಸಿನಲ್ಲಿ ಮೂಲೆ ಹಿಡಿದು ಕೂತೆ. ಪಾತ್ರಧಾರಿ ಪುಸ್ತಕದಲ್ಲಿ ಕಣ್ಣಿಟ್ಟು ಗೊಣಗುತ್ತಿದ್ದ. ಮೇಷ್ಟ್ರು ಪೆಟ್ಟಿಗೆಯ ತಿದಿ ನಿಲ್ಲಿಸಿ ಗದರಿದರು: “ಪುಸ್ತಕ ಮುಚ್ಚಲೇ. ದುರ್ಯೋಧನ ಏನ್ ಪುಸ್ತಕ ಹಿಡ್ಕೊಂಡು ಯುದ್ಧಕ್ಕೆ ಹೋಗಿದ್ನಾ?” ಅವನು ಮುಚ್ಚಿದ. ಎರಡು ಸಾಲು ಬಂತು, ಮೂರನೆಯದು ಬರಲಿಲ್ಲ. ಮೇಷ್ಟ್ರು ಸುಮ್ಮನೆ ಶ್ರುತಿ ಹಿಡಿದು ಕೂತರು. ಹೇಳಿಕೊಡಲಿಲ್ಲ. ಅವನು ತಲೆ ಕೆರೆದ, ಚಾವಣಿ ನೋಡಿದ, ಶಕುನಿಯ ಮುಖ ನೋಡಿದ. ಕೊನೆಗೆ ಮೊದಲ ಪದವನ್ನಷ್ಟೇ ಮೇಷ್ಟ್ರು ಹಾರ್ಮೋನಿಯಂ ಸ್ವರದ ಜತೆ ತೇಲಿಬಿಟ್ಟರು. ಉಳಿದದ್ದು ತಾನೇ ಬಂತು. ಮಾರನೆಯ ರಾತ್ರಿ ಮತ್ತೆ ಅದೇ ಸಾಲು, ಎರಡು ದಿನ ಬಿಟ್ಟು ಮತ್ತೆ ಅದೇ ಸಾಲು. ಹದಿನೈದು ದಿನ ಕಳೆದು, ಮರೆತೇ ಬಿಟ್ಟಿರುತ್ತಾನೆ ಎನ್ನುವ ಹೊತ್ತಿಗೆ ಇನ್ನೊಮ್ಮೆ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನೇ 2006ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಕಾಲೇಜು ಮಕ್ಕಳ ಒಂದು ಗುಂಪಿಗೆ ಒಂದೇ ಪಾಠವನ್ನು ಮತ್ತೆ ಮತ್ತೆ ಓದಲು ಹೇಳಿದರು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ನೋಡದೆ ನೆನಪಿನಿಂದ ಬರೆಯಬೇಕು, ಹಾಗೆ ಮೂರು ಸಲ. ಐದು ನಿಮಿಷ ಬಿಟ್ಟು ಕೇಳಿದಾಗ ಗೆದ್ದವರು ಓದಿದವರು: ಅವರಿಗೆ ನೂರಕ್ಕೆ 83 ಭಾಗ ನೆನಪಿತ್ತು, ಬರೆದವರಿಗೆ 71. ವಾರ ಬಿಟ್ಟು ಕೇಳಿದಾಗ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿ ನಿಂತಿದ್ದರು. ಈ ಐದು ನಿಮಿಷದ ಗೆಲುವೇ ನಮ್ಮ ಮಕ್ಕಳನ್ನು ಹಾಳು ಮಾಡುವುದು. ಬೆಳಗಿನ ಜಾವ ಶಾಲೆಯ ಮೇಷ್ಟ್ರು ಫೋನು ಮಾಡಿ ಎಬ್ಬಿಸುತ್ತಾರೆ, ಹುಡುಗ ಎದ್ದು ಒಂದೇ ಪುಟವನ್ನು ಹತ್ತು ಸಲ ಓದುತ್ತಾನೆ, ಹತ್ತನೆಯ ಸಲಕ್ಕೆ ಎಲ್ಲ ಪರಿಚಯದವರಂತೆ ಕಾಣುತ್ತದೆ, ‘ಬಂತು’ ಎಂದು ಪುಸ್ತಕ ಮಡಚುತ್ತಾನೆ. ಮುಖಪರಿಚಯವಿದ್ದ ಮಾತ್ರಕ್ಕೆ ಹೆಸರು ಗೊತ್ತಿರಬೇಕೆಂದೇನಿಲ್ಲವಲ್ಲ. ಶಿರಾ ಬಸ್ ಸ್ಟ್ಯಾಂಡಿನಲ್ಲಿ “ಏನಣ್ಣಾ ಚೆನ್ನಾಗಿದೀಯಾ” ಎನ್ನುತ್ತಾ ತಬ್ಬಿಕೊಂಡವರ ಹೆಸರು ಬಸ್ಸು ಬುಕ್ಕಾಪಟ್ಟಣ ತಲುಪಿದರೂ ಹೊಳೆಯದೆ ಒದ್ದಾಡಿದ್ದು ಯಾರಿಗೆ ಆಗಿಲ್ಲ?

ಇದಕ್ಕೂ ಬಹಳ ಮೊದಲು, 1885ರಲ್ಲಿ, ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ಮರೆವನ್ನೇ ಅಳೆದು ಪುಸ್ತಕ ಬರೆದ. ಮನುಷ್ಯ ಹಠವಾದಿ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿ ಮಾಡಿಕೊಂಡು ತಾನೇ ಬಾಯಿಪಾಠ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು, ಗಂಟೆ ಬಿಟ್ಟು, ದಿನ ಬಿಟ್ಟು, ತಿಂಗಳು ಬಿಟ್ಟು ಎಷ್ಟು ಉಳಿಯಿತೆಂದು ಲೆಕ್ಕ ಹಾಕಿದ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿತ್ತು. ಆಮೇಲಿನ ಸೋರಿಕೆ ನಿಧಾನ. ಬಿಡುವು ಕೊಟ್ಟು ಮತ್ತೆ ಕಲಿತರೆ ಒಂದೇ ಸಮನೆ ಕೂತು ಉರು ಹೊಡೆಯುವುದಕ್ಕಿಂತ ಕಡಿಮೆ ಶ್ರಮ ಸಾಕೆಂಬುದನ್ನೂ ಕಂಡುಕೊಂಡ. ಪಾಪ, ಆತನ ಕೈಗೆ ನಮ್ಮ ಕನ್ನಡ ಪಂಡಿತರು ಸಿಕ್ಕಿದ್ದರೆ ಅರ್ಥವಿಲ್ಲದ್ದನ್ನೂ ಮರೆಯದಿರುವ ಉಪಾಯ ಹೇಳಿಕೊಡುತ್ತಿದ್ದರು: ಯಮಾತಾರಾಜಭಾನಸಲಗಂ.

ಈ ಮಂತ್ರವನ್ನು ಶಾಲೆಯಲ್ಲಿ ಕಲಿತ ಯಾರನ್ನಾದರೂ ಅರವತ್ತರ ವಯಸ್ಸಿನಲ್ಲಿ ನಿದ್ದೆಯಿಂದ ಎಬ್ಬಿಸಿ ಕೇಳಿ, ಹೇಳುತ್ತಾರೆ. ಅಕ್ಷರ ಹತ್ತೇ ಹತ್ತು, ಒಳಗೆ ಛಂದಸ್ಸಿನ ಎಂಟು ಗಣ. ಮೊದಲ ಎಂಟರಲ್ಲಿ ಯಾವುದೇ ಅಕ್ಷರದಿಂದ ಶುರುಮಾಡಿ ಮೂರು ಎಣಿಸಿದರೆ ಆ ಗಣದ ಗುರುಲಘು ಅಲ್ಲೇ ಇರುತ್ತದೆ. ಯಮಾತಾ ಎಂದರೆ ಲಘು ಗುರು ಗುರು, ಅದು ಯಗಣ. ಮಾತಾರಾ ಎಂದರೆ ಮೂರೂ ಗುರು, ಅದು ಮಗಣ. ಕೊನೆಯ ಸಲಗಂ ಸಗಣದವರೆಗೆ ಹೀಗೇ. ಗಣಿತದವರೂ ಇದನ್ನು ನೋಡಿ ತಲೆದೂಗಿದ್ದಾರೆ. ಎಂಟು ಗಣಗಳ ಪಟ್ಟಿಯನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಲು ಹೋದವರು ಜಗಣ, ಭಗಣಗಳ ನಡುವೆ ಈಗಲೂ ಕಳೆದುಹೋಗಿದ್ದಾರೆ. ಉತ್ಪಲಮಾಲೆ, ಚಂಪಕಮಾಲೆ ಯಾವುದೂ ನೆನಪಿಲ್ಲದ ನನ್ನ ಸ್ನೇಹಿತನೊಬ್ಬ ಈ ಮಂತ್ರವನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಯಾವ ಬೀಗದ ಕೀಲಿಕೈ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ, ಆದರೆ ಕಳೆಯಲಿಕ್ಕೂ ಮನಸ್ಸಿಲ್ಲ.

ಬಾಯಿಪಾಠವನ್ನು ಬೈಯುವುದು ಈಗಿನ ಫ್ಯಾಷನ್ನು. ನನಗದು ಅಷ್ಟು ಸರಿಕಾಣುವುದಿಲ್ಲ. ಮಗ್ಗಿ ಬಾರದವನು ಅಂಗಡಿಯಲ್ಲಿ ಮೋಸ ಹೋಗುತ್ತಾನೆ. ಆದರೆ ಬಾಯಿಪಾಠವಲ್ಲದ ಇನ್ನೊಂದು ನೆನಪೂ ನಮ್ಮ ಸೀಮೆಯಲ್ಲೇ ಇದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ದೈವ ಜುಂಜಪ್ಪನ ಗುಡ್ಡೆಯಿದೆ. ಜುಂಜಪ್ಪನ ಕಥೆಯನ್ನು ಉದ್ದನೆಯ ಬಿದಿರ ಗಣೆ ಊದುತ್ತಾ ರಾತ್ರಿಯೆಲ್ಲ ಹಾಡುತ್ತಿದ್ದವರಲ್ಲಿ ಅಕ್ಷರ ಕಲಿತವರು ವಿರಳ. ಪಕ್ಕದ ಚಳ್ಳಕೆರೆ ಸೀಮೆಯ ಸಿರಿಯಜ್ಜಿಗೂ ಓದುಬರಹ ಬರುತ್ತಿರಲಿಲ್ಲ. ಆಕೆಯ ಬಾಯಲ್ಲಿದ್ದ ಸಾವಿರಾರು ಜನಪದ ಹಾಡುಗಳಿಗೆ ತಲೆಬಾಗಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಇಂಥ ಹಾಡುಗಾರರ ಹಿಂದೆ ಅಲೆದ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸನಿಗೆ ಒಂದು ವಿಚಿತ್ರ ಗೊತ್ತಾಯಿತು. ಅವರು ಇಡೀ ಕಾವ್ಯವನ್ನು ಪದಪದವಾಗಿ ಕಂಠಸ್ಥ ಮಾಡಿಕೊಂಡಿರುವುದಿಲ್ಲ. ಕಥೆಯ ಹಾದಿ ಗೊತ್ತು, ಸಿದ್ಧ ನುಡಿಗಟ್ಟುಗಳು ನಾಲಗೆಯಲ್ಲಿವೆ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾರೆ. ಪ್ರಶ್ನೆಪತ್ರಿಕೆ ಇದನ್ನೇ ‘ಸ್ವಂತ ವಾಕ್ಯದಲ್ಲಿ ಉತ್ತರಿಸಿ’ ಎಂದು ಕೇಳುವುದು. ನಮ್ಮ ಮಕ್ಕಳು ಗೈಡಿನವರ ಸ್ವಂತ ವಾಕ್ಯವನ್ನು ಬರೆದು ಬರುತ್ತಾರೆ.

ರಾತ್ರಿ ನಿದ್ದೆಗೆಟ್ಟು ಓದುವವರಿಗೆ ಒಂದೇ ಮಾತು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ಈ ವಿಷಯದಲ್ಲಿ ವಿಜ್ಞಾನವೂ ಸೋಮಾರಿಗಳೂ ಒಂದಾಗಿದ್ದಾರೆ, ನಾನೂ ಅವರ ಜತೆಗಿದ್ದೇನೆ.

ಇನ್ನು ಮನೆಗೆ ಹಾರ್ಮೋನಿಯಂ ಮೇಷ್ಟ್ರನ್ನು ಎಲ್ಲಿಂದ ತರುವುದು? ನನ್ನ ತಂಗಿಯನ್ನು ಕೊಟ್ಟಿರುವುದು ಪಾವಗಡ ತಾಲ್ಲೂಕಿನ ತಿರುಮಣಿ ಕಡೆಗೆ, ಆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಹದಿಮೂರು ಸಾವಿರ ಎಕರೆಯಲ್ಲಿ ಮಲಗಿದೆಯಲ್ಲ, ಅಲ್ಲಿಗೆ. ಅವಳ ಅತ್ತೆಗೆ ಅಕ್ಷರ ಬಾರದು. ಮನೆಮಾತು ತೆಲುಗು, ಬೈಗುಳ ಎರಡೂ ಭಾಷೆಯಲ್ಲಿ. ಅವರ ಹೊಲವೂ ಪಾರ್ಕಿಗೆ ಗುತ್ತಿಗೆ ಹೋಗಿದೆ. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಮೊಮ್ಮಗ ಚಕ್ರಬಡ್ಡಿಯ ಸೂತ್ರ ಮರೆತು ಪೆನ್ನು ಕಚ್ಚುತ್ತಾ ಕೂತಿದ್ದಾಗ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಲೇ ಹೇಳಿದರು: “ಮೊದ್ಲು ಇಪ್ಪತ್ತೊಂದು, ಆಮೇಲೆ ಇಪ್ಪತ್ತೆರಡು ಸಾವ್ರದ ಐವತ್ತು, ಆಮೇಲೆ ಇಪ್ಪತ್ಮೂರು ಸಾವ್ರದ ನೂರೈವತ್ತೆರಡೂವರೆ.” ಊರಿನ ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಹಾಕಿದರೆಂಬುದೂ ಅವರಿಗೆ ಹೀಗೇ ಗೊತ್ತು. ವರ್ಷಕ್ಕೆ ಹತ್ತಾರು ಸಲ ಯಾರಾದರೂ ಬಂದು ಕೇಳುತ್ತಾರೆ, ಇವರು ಹೇಳುತ್ತಾರೆ.

ಈಗ ಆ ಮನೆಯಲ್ಲಿ ಪರೀಕ್ಷಕರು ಅವರೇ. ರಾತ್ರಿ ಊಟವಾದ ಮೇಲೆ ವಿಜ್ಞಾನದ ಪುಸ್ತಕವನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡು, “ಇವತ್ತು ಮೇಷ್ಟ್ರು ಏನ್ ಹೇಳ್ಕೊಟ್ರು, ಹೇಳು” ಎನ್ನುತ್ತಾರೆ. ಓದಲು ಬಾರದಿದ್ದರೂ ಅವನು ಎಲ್ಲಿ ತಡವರಿಸಿದ, ಎಲ್ಲಿ ತೇಲಿಸಿದ ಎಂಬುದು ಮುಖ ನೋಡಿದರೆ ಗೊತ್ತಾಗುತ್ತದಂತೆ. ಅಲ್ಲೇ ಹಿಡಿಯುತ್ತಾರೆ, ಅರ್ಥವಾಗುವವರೆಗೂ ಬಿಡುವುದಿಲ್ಲ. ಕಳೆದ ಸಲ ನಾನು ಹೋದಾಗ ದ್ಯುತಿಸಂಶ್ಲೇಷಣೆ ನಡೆದಿತ್ತು. ಎಲೆ, ಬಿಸಿಲು, ನೀರು, ಹಸಿರು ಎಲ್ಲವನ್ನೂ ಹುಡುಗ ನೆನಪಿನಿಂದಲೇ ಒಪ್ಪಿಸಿದ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: “ಹಂಗಾದ್ರೆ ನಮ್ಮ ಹೊಲದ ಬಿಸಿಲನ್ನೆಲ್ಲ ಆ ಸೋಲಾರ್ ತಟ್ಟೆಗಳೇ ಕುಡಿತಾವಲ್ಲ, ಕೆಳಗಿನ ಹುಲ್ಲು ಅದೆಂಗೆ ಬೆಳೀತೈತೆ?”

ಹುಡುಗ ನನ್ನ ಮುಖ ನೋಡಿದ. ನಾನು ತಂಗಿಯ ಮುಖ ನೋಡಿದೆ. “ಅದು ಪರೀಕ್ಷೆಗೆ ಬರಲ್ಲ ಕಣಜ್ಜಿ” ಎಂದ ಅವನು. “ಹುಲ್ಲಿಗೆ ಗೊತ್ತೇನ್ಲಾ ಅದು” ಎಂದರು ಅಜ್ಜಿ, ಪುಸ್ತಕ ಅವನ ಕೈಗೆ ಕೊಟ್ಟು, “ನಾಳೆ ಮೇಷ್ಟ್ರನ್ನ ಕೇಳ್ಕೊಂಡು ಬಾ. ನಾಡಿದ್ದು ಮತ್ತೆ ಕೇಳ್ತೀನಿ.”