ವೈನಿಯ ಎಳೆ ಲೆಕ್ಕ

ಮದುವೆ ಮನೆಯಲ್ಲಿ ಯಾರೋ ಹೆಂಗಸು ನಿಮ್ಮ ಮುಖ ನೋಡದೆ ನಿಮ್ಮ ಸೆರಗಿನ ಜೊತೆ ಮಾತಿಗೆ ನಿಂತರೆ ಗಾಬರಿಯಾಗಬೇಡಿ. ಆಕೆಗೆ ನಿಮ್ಮ ಮೇಲೆ ಸಿಟ್ಟಿಲ್ಲ, ನಿಮ್ಮ ಪರಿಚಯವೂ ಬೇಕಿಲ್ಲ. ಆಕೆ ಎಳೆ ಎಣಿಸುತ್ತಿದ್ದಾಳೆ, ಅಷ್ಟೆ. ಧಾರವಾಡ-ಹುಬ್ಬಳ್ಳಿ ಕಡೆ ಪ್ರತಿ ಓಣಿಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮಾಳಮಡ್ಡಿಯ ಪಾಲಿಗೆ ಬಂದವರು ಕಸೂತಿ ವೈನಿ. ಅವರ ಯಜಮಾನರು ರಾಯರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಮಂದಿಯ ದುಡ್ಡು ಎಣಿಸಿ ನಿವೃತ್ತರಾದ ರಾಯರಿಗೆ ಈಗ ಮನೆಯಲ್ಲಿ ದಾರ ಎಣಿಸುವ ನೌಕರಿ ಸಿಕ್ಕಿದೆ, ಪಗಾರವಿಲ್ಲದೆ.

ಕಸೂತಿಯ ಕಾನೂನು ಬಲು ಬಿಗಿ. ಕಾರ್ಬನ್ ಹಾಳೆ, ಪೆನ್ಸಿಲ್ ಗೆರೆ, ಅಚ್ಚು, ಯಾವುದೂ ನಡೆಯುವುದಿಲ್ಲ. ಬಟ್ಟೆಯ ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಹೊಲಿಗೆ ನಾಲ್ಕೇ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ನಡುನಡುವೆ ಜಾಗ ಬಿಡುತ್ತ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುರ್ಗಿಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ. ಎಲ್ಲೂ ಗಂಟು ಹಾಕುವಂತಿಲ್ಲ. ಇವೆರಡನ್ನು ಸರಿಯಾಗಿ ಹಾಕಿದರೆ ಬಟ್ಟೆಯ ಮುಂಬದಿಯೂ ಹಿಂಬದಿಯೂ ಒಂದೇ ಥರ ಕಾಣುತ್ತವೆ. ಎಲ್ಲ ತಾಪತ್ರಯಕ್ಕೂ ಮೂಲ ಇದೇ. ವೈನಿಗೆ ಯಾವ ವಸ್ತುವಿನ ಮುಂಬದಿಯ ಮೇಲೂ ನಂಬಿಕೆಯಿಲ್ಲ.

ಹೋದ ವೈಶಾಖದಲ್ಲಿ ಹುಬ್ಬಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಗಂಡಿನ ತಾಯಿ ಇಳಕಲ್ ಸೀರೆಯಲ್ಲಿ ಮಿಂಚುತ್ತಿದ್ದರು. ಸೆರಗಿನ ತುಂಬ ಗೋಪುರ, ಅಂಬಾರಿ ಹೊತ್ತ ಆನೆ, ತುಳಸಿ ವೃಂದಾವನ. ವೈನಿ ಅಕ್ಷತೆ ಹಿಡಿದ ಕೈಯಲ್ಲೇ ಹಿಂದಿನಿಂದ ಮೆಲ್ಲಗೆ ಹೋಗಿ ಸೆರಗು ಮಗುಚಿದರು. ಬೆನ್ನ ಮೇಲೆ ಜಿರಳೆ ಹರಿಯಿತೆಂದುಕೊಂಡು ಬೀಗತಿ ಕಿಟಾರನೆ ಕಿರುಚಿದರು. ವಾಜಂತ್ರಿಯವರು ಅದನ್ನೇ ಸನ್ನೆಯೆಂದು ತಿಳಿದು ಬಾರಿಸಿಬಿಟ್ಟರು. ಮಂಗಳಾಷ್ಟಕ ಇನ್ನೂ ಮೂರನೆಯ ಶ್ಲೋಕದಲ್ಲಿತ್ತು. ಅರ್ಧ ಮಂದಿ ಅಕ್ಷತೆ ಎರಚಿಯಾಗಿತ್ತು, ಒಂದಿಬ್ಬರು ಊಟದ ಹಾಲಿನತ್ತ ಓಡಿಯೂ ಆಗಿತ್ತು. ಭಟ್ಟರು ಮೂರ್ಛೆ ಹೋಗುವುದೊಂದು ಬಾಕಿ. ಈ ಗದ್ದಲದ ನಡುವೆ ವೈನಿಯ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು: ‘ಮಷೀನಿಂದು! ಹಿಂದ ಎಲ್ಲಾ ಕಡೆ ಬಿಳಿ ದಾರ ಅದ ನೋಡ್ರಿ!’

ಹವ್ಯಾಸ ಅಂದರೆ ಕೂತು ಹೊಲಿಯುವುದು ಎಂದು ತಿಳಿದವರು ವೈನಿಯನ್ನು ನೋಡಿಲ್ಲ. ದಿನಕ್ಕೆ ಸೂಜಿ ಹಿಡಿಯುವುದು ಅರ್ಧ ತಾಸು. ಉಳಿದ ವೇಳೆಯೆಲ್ಲ ಡಿಸೈನ್ ಹುಡುಕುವುದಕ್ಕೆ ಮೀಸಲು. ಬೆಳಿಗ್ಗೆ ವಾಕಿಂಗ್ ಎಂದು ಹೊರಟು ಮೂರನೆಯ ಮನೆಯ ರಂಗೋಲಿಯ ಮುಂದೆ ನಿಂತುಬಿಡುತ್ತಾರೆ. ಚುಕ್ಕಿ ಎಣಿಸಿ ಮುಗಿಯುವ ಹೊತ್ತಿಗೆ ಬಿಸಿಲೇರಿರುತ್ತದೆ. ಡಾಕ್ಟರು ಹೇಳಿದ ಎರಡು ಕಿಲೋಮೀಟರು ಆ ಅಂಗಳದಲ್ಲೇ ಮುಗಿಯುತ್ತದೆ. ಫುಟ್‌ಪಾತಿಗೆ ಇಂಟರ್‌ಲಾಕ್ ಕಲ್ಲು ಕೂಡಿಸಿದಾಗ ಊರೆಲ್ಲ ಗುತ್ತಿಗೆದಾರನಿಗೆ ಹಿಡಿಶಾಪ ಹಾಕುತ್ತಿದ್ದರೆ, ವೈನಿ ಮಾತ್ರ ಸೊಂಟ ಬಗ್ಗಿಸಿ ನೋಡಿ, ‘ಮುರ್ಗಿ ಎಷ್ಟ ಛಲೋ ಹಾಕ್ಯಾನ!’ ಅಂದರು. ನಮ್ಮ ಊರಿನಲ್ಲಿ ಗುತ್ತಿಗೆದಾರನೊಬ್ಬನನ್ನು ಮನಸಾರೆ ಹೊಗಳಿದ ಏಕೈಕ ನಾಗರಿಕರು ಇವರೇ ಇರಬೇಕು.

ಬಾದಾಮಿಗೆ ಹೋದಾಗ ನಾವೆಲ್ಲ ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಬಾಯಿ ತೆರೆದು ನಿಂತಿದ್ದೆವು. ಗೈಡು ಕೈ ಎಣಿಸಿ ತೋರಿಸುತ್ತಿದ್ದ. ವೈನಿ ಅದೇ ಹೊತ್ತಿಗೆ ನಟರಾಜನಿಗೆ ಬೆನ್ನು ಹಾಕಿ ಕಂಬದ ಮೇಲಿನ ಮಣಿಸಾಲು ಎಣಿಸುತ್ತಿದ್ದರು. ಮೂರನೆಯ ಗುಹೆಯಲ್ಲಿ ಗೈಡು ಗಂಟಲು ಸರಿಮಾಡಿಕೊಂಡು 578ರ ಶಾಸನದ ಕಥೆ ಶುರು ಮಾಡಿದ. ಮಂಗಳೇಶನ ಹೆಸರು ಬರುವಷ್ಟರಲ್ಲಿ ವೈನಿ ನಡುವೆ ಬಾಯಿ ಹಾಕಿ, ‘ಈ ಹೂವಿನ ಎಸಳು ಎಂಟೋ ಒಂಬತ್ತೋ, ಟಾರ್ಚ್ ಹಿಡಿಯಪಾ’ ಅಂದರು. ಪಾಪ, ಅವನು ಹಿಡಿದ. ಲಕ್ಕುಂಡಿಯ ಕಾಶಿವಿಶ್ವನಾಥನ ಬಾಗಿಲುವಾಡದ ಪಟ್ಟಿಗಳನ್ನು ಮನೆಯ ಕಿರಾಣಿ ಪಟ್ಟಿಯ ಹಿಂದೆ ಬರೆದುಕೊಂಡು ಬಂದಿದ್ದಾರೆ. ಒಳಗೆ ಲಿಂಗಕ್ಕೆ ಕೈ ಮುಗಿದದ್ದು ಉಂಟೋ ಇಲ್ಲವೋ, ರಾಯರು ಆ ವಿಷಯದಲ್ಲಿ ಸಾಕ್ಷಿ ಹೇಳಲು ಒಪ್ಪುವುದಿಲ್ಲ.

ಮಗಳು-ಅಳಿಯ ವಿಯೆನ್ನಾದಲ್ಲಿದ್ದಾರೆ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಹಳೆಯ ಚಿತ್ರವೊಂದರ ಮುಂದೆ ಮೊಮ್ಮಗಳನ್ನು ನಿಲ್ಲಿಸಿ ಫೋಟೋ ಕಳಿಸಿದ್ದರು. ವೈನಿ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದರು. ನಾವು ಮೊಮ್ಮಗಳ ಮುಖ ನೋಡುತ್ತಾರೆಂದುಕೊಂಡೆವು. ಆ ಮುಖ ಪರದೆಯ ಆಚೆ ಜಾರಿಹೋಯಿತು. ಬೆರಳು ಹೋಗಿ ನಿಂತದ್ದು ಚಿತ್ರದ ರಾಣಿಯ ಮುಂಗೈ ಮೇಲೆ. ‘ಗವಂತಿ!’ ಎಂದು ಕೂಗಿದ್ದು ಆಚೆ ಓಣಿಗೂ ಕೇಳಿಸಿತಂತೆ. ಸುಳ್ಳೇನಲ್ಲ. ಅದು ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಮೂರನೆಯ ಹೆಂಡತಿ ಜೇನ್ ಸೀಮೋರಳ ಚಿತ್ರ, ಹ್ಯಾನ್ಸ್ ಹೋಲ್‌ಬೈನ್ 1536ರ ಸುಮಾರಿಗೆ ಬರೆದದ್ದು. ಬಿಳಿ ತೋಳಿನ ತುದಿಗೆ ಕಪ್ಪು ದಾರದ ಕಸೂತಿಯಿದೆ. ಹೋಗಿ ತಿರುಗಿ ಬರುವ ಆ ಹೊಲಿಗೆಗೆ ಯೂರೋಪಿನಲ್ಲಿ ಹೋಲ್‌ಬೈನ್ ಸ್ಟಿಚ್ ಎಂದೇ ಹೆಸರು. ಇದನ್ನು ಅಳಿಯ ಫೋನಿನಲ್ಲಿ ಬಹಳ ಉತ್ಸಾಹದಿಂದ ವಿವರಿಸಿದ. ವೈನಿ ಕೇಳಿದ್ದು ಒಂದೇ ಪ್ರಶ್ನೆ: ‘ಆತ ಸೂಜಿ ಹಿಡಿದಿದ್ದನೇನು?’ ಇಲ್ಲ, ಕುಂಚ ಹಿಡಿದಿದ್ದ. ‘ಹಾಕಿದಾಕಿ ಯಾರೋ, ಹೆಸರು ಗಂಡಸಿಗೆ’ ಎಂದು ವೈನಿ ರಾಯರ ಕಡೆ ಹೇಗೆ ನೋಡಿದರೆಂದರೆ, ಅವರು ಪೇಪರು ಮುಖದ ಮಟ್ಟಕ್ಕೆ ಎತ್ತಿಕೊಂಡರು. 2006ರಲ್ಲಿ ನಮ್ಮ ಕಸೂತಿಗೆ ಜಿಐ ಟ್ಯಾಗ್ ಸಿಕ್ಕ ಸುದ್ದಿಯನ್ನು ಅವರೇ ಹೆಮ್ಮೆಯಿಂದ ಓದಿ ಹೇಳಿದಾಗಲೂ ಸಿಕ್ಕ ಉತ್ತರ, ‘ಟ್ಯಾಗ್ ಹೆಂಗ ಹಚ್ಯಾರ? ಗಂಟ ಹಾಕ್ಯಾರೋ ಏನು?’

ದಾರ ಕೊಳ್ಳುವುದಂತೂ ಒಂದು ಸ್ವತಂತ್ರ ಅಧ್ಯಾಯ. ಅಂಗಡಿಯ ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆಂದು ವೈನಿಯ ಸಿದ್ಧಾಂತ. ಆದ್ದರಿಂದ ಪ್ರತಿ ಲಡಿಯನ್ನೂ ರಸ್ತೆಗೆ ತಂದು ಬಿಸಿಲಿಗೆ ಹಿಡಿಯಬೇಕು. ಒಮ್ಮೆ ಬೇಕಾದ ಬಣ್ಣ ಯಾವುದೆಂದು ತೋರಿಸಲು ಚೀಲದಿಂದ ಬದನೆಕಾಯಿಯನ್ನೇ ತೆಗೆದು ಕೌಂಟರ್ ಮೇಲಿಟ್ಟರು. ಅಂಗಡಿಯವ ಒಂಬತ್ತು ಬಗೆಯ ನೇರಳೆ ತೆಗೆದ. ವೈನಿ ಎಲ್ಲವನ್ನೂ ಬದನೆಕಾಯಿಯ ಪಕ್ಕದಲ್ಲಿಟ್ಟು ನೋಡಿ, ‘ಇದರ ತೊಟ್ಟಿನ ಕಡೆ ಒಂದ್ ಛಾಯಾ ಅದ ನೋಡ್ರಿ, ಅದು ಬೇಕಾಗಿತ್ತು’ ಅಂದರು. ಅದು ಸಿಗಲಿಲ್ಲ. ಸಿಗದ ಬೇಸರಕ್ಕೆ ಒಂಬತ್ತನ್ನೂ ಕೊಂಡರು. ಒಂದು ಲಡಿ ಎಂದರೆ ಎಂಟು ಮೀಟರು, ಆರೆಳೆ; ಬಳಸುವುದು ಎರಡೆಳೆ; ಅಲ್ಲಿಗೆ ಇಪ್ಪತ್ನಾಲ್ಕು ಮೀಟರು. ಮನೆಯಲ್ಲಿರುವ ದಾಸ್ತಾನು ಖಾಲಿಯಾಗಲು ವೈನಿ ಎಷ್ಟು ಕಾಲ ಹೊಲಿಯಬೇಕೆಂದು ರಾಯರು ಕ್ಯಾಲ್ಕ್ಯುಲೇಟರ್ ಹಿಡಿದರು. 214 ವರ್ಷ ಬಂತು. ವೈನಿಗೆ ಖುಷಿಯೋ ಖುಷಿ. ‘ಹಂಗಿದ್ರ ನೀವೂ ಇರಬೇಕಾಗ್ತದಲ್ರೀ. ಎಣಸೋರು ಯಾರು?’

ಇಷ್ಟೆಲ್ಲ ಡಿಸೈನು, ಇಷ್ಟೆಲ್ಲ ದಾರ ಸೇರಿ ಏನಾಯಿತು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ವೈನಿ ಟ್ರಂಕು ತೆಗೆದರು. ಮೂರು ಅಂತಸ್ತಿಗೆ ನಿಂತ ಗೋಪುರ, ಅಂಬಾರಿಗಾಗಿ ಕಾದು ನಿಂತ ಆನೆ, ಗಾಲಿಯಿಲ್ಲದ ತೇರು, ಸಂಡೂರಿಗೆ ಹೋಗಿ ಲಂಬಾಣಿ ಕಸೂತಿ ನೋಡಿ ಬಂದ ಉಮೇದಿಯಲ್ಲಿ ಕೊಂಡ ಕನ್ನಡಿ ಚೂರು, ಕವಡೆಯ ಪೊಟ್ಟಣ, ಇನ್ನೂ ಒಡೆಯದ್ದು. ತಳದಲ್ಲಿ ಮಸ್ಲಿನ್ನಿನಲ್ಲಿ ಸುತ್ತಿಟ್ಟ ಅವರ ತಾಯಿಯ ಮಾದರಿ ಬಟ್ಟೆ. ತೊಟ್ಟಿಲು, ಪಲ್ಲಕ್ಕಿ, ನವಿಲು, ಕಮಲ, ಗಿಣಿ, ಎಲ್ಲ ಅದರಲ್ಲಿವೆ. ಪುಸ್ತಕವಿಲ್ಲದೆ ಈ ವಿದ್ಯೆ ಕೈಯಿಂದ ಕೈಗೆ ಬಂದದ್ದು ಇಂಥ ತುಂಡುಗಳಿಂದಲೇ. ಅದರಲ್ಲಿ ಒಂದು ಗಿಣಿಗೆ ಮೂರು ಕಾಲಿವೆ. ತಾಯಿ ಎಲ್ಲೋ ಎಳೆ ತಪ್ಪಿರಬೇಕು. ವೈನಿ ಹಾಕಿದ ಗಿಣಿಗಳಿಗೆಲ್ಲ ಶಾಸ್ತ್ರೋಕ್ತವಾಗಿ ಮೂರೇ ಕಾಲು. ಬೇರೆಯವರ ಸೆರಗಿನಲ್ಲಿ ಒಂದು ಎಳೆ ಸರಿದರೂ ಸಹಿಸದವರು, ‘ಅವ್ವ ಹಾಕಿದ್ದು’ ಎಂದು ಅದರ ಮೇಲೆ ಚರ್ಚೆಗೆ ಆಸ್ಪದವಿಲ್ಲದಂತೆ ಟ್ರಂಕು ಮುಚ್ಚುತ್ತಾರೆ.

ಸದ್ಯ ಕೈಯಲ್ಲಿರುವುದು ಮೊಮ್ಮಗಳ ಕುಂಚಿಗೆ. ಬಾಣಂತಿತನದಲ್ಲಿ ಶುರುವಾದದ್ದು. ಮೊಮ್ಮಗಳು ಈಗ ಆರನೆಯ ಕ್ಲಾಸು. ಆ ಕುಂಚಿಗೆ ಇನ್ನು ಯಾರ ತಲೆಗಾದರೂ ಹಿಡಿಸಬೇಕಾದರೆ ಅವಳೇ ಬಾಣಂತಿಯಾಗಿ ಮಗುವನ್ನು ಹೊತ್ತು ಬರಬೇಕು. ವೈನಿಗೆ ಅದೇನೂ ದೂರವೆನಿಸುವುದಿಲ್ಲ. ಅವರ ತೊಂದರೆ ಬೇರೆ: ಕಣ್ಣು ಮಂಜು, ಸೂಜಿಗೆ ದಾರ ಹೋಗುವುದಿಲ್ಲ. ಹೀಗಾಗಿ ಗೇಟಿನೊಳಗೆ ಕಾಲಿಟ್ಟವರೆಲ್ಲ, ಹಾಲಿನವ, ಗ್ಯಾಸಿನವ, ದೇಣಿಗೆ ಕೇಳಲು ಬಂದ ಗಣೇಶ ಮಂಡಳಿಯ ಹುಡುಗರು, ತಲಾ ಒಂದು ಸೂಜಿ ಪೋಣಿಸಿಯೇ ಹೊರಗೆ ಹೋಗಬೇಕು.

ಮೊನ್ನೆ ಕೊರಿಯರ್ ಹುಡುಗ ಬಂದ. ಪಾರ್ಸೆಲ್ಲಿನಲ್ಲಿ ಏನಿತ್ತೆಂದು ಹೇಳಬೇಕಿಲ್ಲ.

‘ಓಟಿಪಿ ಹೇಳ್ರಿ ಅಜ್ಜಿ.’

‘ಮೊದಲ ಈ ಏಳು ಸೂಜಿ ಪೋಣಸು.’

ಹುಡುಗ ಬ್ಯಾಗಿಳಿಸಿ ಕಟ್ಟೆಯ ಮೇಲೆ ಕೂತ. ಪೋಣಿಸುತ್ತ ಪೋಣಿಸುತ್ತ ಪಕ್ಕದಲ್ಲಿದ್ದ ಕುಂಚಿಗೆಯತ್ತ ನೋಡಿದ, ಕೈಗೆತ್ತಿಕೊಂಡ, ಬಾಗಿ ಏನೋ ಎಣಿಸಿದ, ಆಮೇಲೆ ಯಾರೂ ಹೇಳಿಕೊಡದಿದ್ದರೂ ಹಿಂಬದಿ ಮಗುಚಿದ. ‘ಅಜ್ಜಿ, ಈ ತೊಟ್ಟಿಲದ ಎಡಗಡೆ ಒಂದ್ ಎಳಿ ಜಾಸ್ತಿ ಆಗೇತಿ ನೋಡ್ರಿ.’

ವೈನಿ ಕನ್ನಡಕ ಏರಿಸಿ ನೋಡಿದರು. ಆಗಿತ್ತು. ಎರಡು ವಾರದ ಹೊಲಿಗೆಯನ್ನು ಅಲ್ಲೇ ಬಿಚ್ಚತೊಡಗಿದರು. ಮುಖದಲ್ಲಿ ಬೇಸರದ ಸುಳಿವಿಲ್ಲ, ಅಂಥ ಗೆಲುವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. ರಾಯರಿಗೆ ಚಹಾಕ್ಕೆ ಹೇಳಿದರು, ಹುಡುಗನಿಗೆ ಇನ್ನೊಂದು ಬಟ್ಟೆ ಕೊಟ್ಟರು. ಕಟ್ಟೆಯ ಕೆಳಗೆ ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ನಮ್ಮ ಓಣಿಯ ಉಳಿದ ಪಾರ್ಸೆಲ್ಲುಗಳು ಅಂದು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದವು.